ಬುಗ್ಗೆಯ ಮುಂದಿನ ಸಾಲು

1874ರ ಆಗಸ್ಟ್ ತಿಂಗಳ ಕೊನೆಯ ದಿನಗಳು. ಬೊಹೀಮಿಯಾದ ಪಶ್ಚಿಮದ ಅಂಚಿನ ಕಾರ್ಲ್ಸ್‌ಬಾದ್ ಎಂಬ ಊರಿನಲ್ಲಿ ಬೆಳಗಿನ ಆರು ಗಂಟೆ. ಎರಡೂ ಕಡೆ ಕಾಡು ಹೊದ್ದ ಗುಡ್ಡಗಳು, ನಡುವೆ ಇಕ್ಕಟ್ಟಾದ ಕಣಿವೆ, ಕಣಿವೆಯ ತಳದಲ್ಲಿ ಟೆಪ್ಲಾ ಹೊಳೆ. ಟೆಪ್ಲಾ ಎಂದರೆ ಬೆಚ್ಚಗಿನದು ಎಂದೇ ಅರ್ಥ. ವಾದ್ಯಮೇಳ ಆಗಲೇ ಶುರುವಾಗಿದೆ. ಬುಗ್ಗೆಗಳ ಮುಂದೆ ಜನ ಸಾಲುಗಟ್ಟಿದ್ದಾರೆ. ಒಬ್ಬೊಬ್ಬರ ಹೆಗಲಿನಲ್ಲೂ ಒಂದು ತೊಗಲಿನ ಪಟ್ಟಿ, ಅದರ ತುದಿಯಲ್ಲಿ ತೂಗುವ ಲೋಟ. ಸಾಲು ನಿಧಾನವಾಗಿ ಮುಂದೆ ಸರಿಯುತ್ತದೆ. ಬುಗ್ಗೆಯ ಬಳಿ ನಿಂತ ಹುಡುಗಿ ಲೋಟ ಇಸಿದುಕೊಂಡು, ತುಂಬಿಸಿ, ಹಿಂದಕ್ಕೆ ಕೊಡುತ್ತಾಳೆ. ನೀರು ಬಿಸಿ, ರುಚಿ ಉಪ್ಪುಪ್ಪು. ಊದಿ ಊದಿ ಗುಟುಕು ಗುಟುಕಾಗಿ ಕುಡಿಯಬೇಕು. ಕುಡಿದ ಮೇಲೆ ಕಾಲು ಗಂಟೆ ನಡೆಯಬೇಕು. ಆಮೇಲೆ ಇನ್ನೊಂದು ಬುಗ್ಗೆ, ಇನ್ನೊಂದು ಸಾಲು, ಇನ್ನೊಂದು ಲೋಟ.

ಆ ಸಾಲಿನಲ್ಲಿ ನರೆತ ಗಡ್ಡದ, 56 ವರ್ಷದ ಒಬ್ಬ ಮನುಷ್ಯ ನಿಂತಿದ್ದಾನೆ. ಜೊತೆಗೆ 19ರ ಮಗಳು. ಈ ಊರಿಗೆ ಬಂದವರ ಹೆಸರು, ಉದ್ಯೋಗ, ಊರು ಎಲ್ಲವನ್ನೂ ಅಚ್ಚು ಹಾಕಿ ಪ್ರಕಟಿಸುವ ಪದ್ಧತಿ ಉಂಟು. ಆ ಪಟ್ಟಿಯಲ್ಲಿ ಇವನ ಹೆಸರು ‘ಚಾರ್ಲ್ಸ್ ಮಾರ್ಕ್ಸ್, ಪ್ರಿವಾಟಿಯೆ, ಲಂಡನ್’ ಎಂದಿದೆ. ಪ್ರಿವಾಟಿಯೆ ಅಂದರೆ ದುಡಿಯುವ ಅಗತ್ಯವಿಲ್ಲದೆ ಸ್ವಂತ ಆಸ್ತಿಯ ವರಮಾನದಲ್ಲಿ ಬದುಕುವ ಸಿರಿವಂತ. ‘ಬಂಡವಾಳ’ದ ಮೊದಲ ಸಂಪುಟ ಬರೆದು ಏಳು ವರ್ಷ ಕಳೆದಿದ್ದ ಕಾರ್ಲ್ ಮಾರ್ಕ್ಸ್ ಯಕೃತ್ತಿನ ಊತಕ್ಕೆ ಮದ್ದು ಹುಡುಕಿಕೊಂಡು ಬಂದದ್ದು ಹೀಗೆ, ಹೆಸರು ತಿರುಚಿ, ಸಾಹುಕಾರನ ವೇಷದಲ್ಲಿ. ಸಾಹುಕಾರ ಎಂದು ಬರೆಸಿದ್ದಕ್ಕೆ ಊರಿನ ತೆರಿಗೆ ಎರಡು ಪಟ್ಟು ಬಿತ್ತು ಎಂದು ಅವನೇ ಗೆಳೆಯ ಎಂಗೆಲ್ಸ್‌ಗೆ ಕಾಗದ ಬರೆದ. ಆದರೂ ಪೊಲೀಸರ ಅನುಮಾನ ತಪ್ಪುತ್ತದಲ್ಲ ಎಂಬುದು ಅವನ ಲೆಕ್ಕ.

ಯುರೋಪಿನ ಬಿಸಿನೀರಿನ ಊರುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಬರೆಯುವುದು ರಾಜರಾಣಿಯರ, ಕವಿಗಳ, ಅಮೃತಶಿಲೆಯ ಕಂಬಗಳ ಚರಿತ್ರೆಯಾಗಿ. ನನಗೆ ಅದನ್ನು ಆ ಸಾಲಿನ ಚರಿತ್ರೆಯಾಗಿ ಓದಬೇಕು ಅನ್ನಿಸುತ್ತದೆ. ಭೂಮಿಯಿಂದ ತಾನಾಗಿ ಉಕ್ಕುವ ನೀರಿಗೆ ಯಜಮಾನನಿಲ್ಲ. ಅದು ಎಲ್ಲರ ಗಂಟಲನ್ನೂ ಒಂದೇ ಸಮ ಸುಡುತ್ತದೆ. ಆದರೆ ಅದರ ಮುಂದೆ ಯಾರು ನಿಲ್ಲಬಹುದು, ಯಾವ ಹೆಸರಿನಲ್ಲಿ ನಿಲ್ಲಬೇಕು, ಯಾರನ್ನು ಸಾಲಿನಿಂದ ಎಳೆದು ಹಾಕಲಾಯಿತು ಎಂಬುದನ್ನು ಒಂದೊಂದು ಕಾಲ ಒಂದೊಂದು ಬಗೆಯಲ್ಲಿ ತೀರ್ಮಾನಿಸಿತು. ಆ ತೀರ್ಮಾನಗಳು ಒಂದರ ಮೇಲೊಂದು ಪದರವಾಗಿ ಕೂತಿರುವುದು ಕಾರ್ಲ್ಸ್‌ಬಾದಿನಲ್ಲಿ. ಇಂದು ಅದು ಜೆಕ್ ದೇಶದ ಕಾರ್ಲೊವಿ ವಾರಿ. 2021ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ, ಏಳು ದೇಶಗಳ 11 ಚಿಕಿತ್ಸಾ ನಗರಗಳಲ್ಲಿ ಒಂದು.

ಊರಿನ ಹುಟ್ಟಿನ ಬಗ್ಗೆ ಒಂದು ಐತಿಹ್ಯ ಇದೆ. 14ನೇ ಶತಮಾನದ ನಡುವಿನಲ್ಲಿ ನಾಲ್ಕನೆಯ ಚಾರ್ಲ್ಸ್ ಚಕ್ರವರ್ತಿ ಈ ಕಾಡಿನಲ್ಲಿ ಜಿಂಕೆ ಬೇಟೆಯಾಡುತ್ತಿದ್ದನಂತೆ. ಅಟ್ಟಿಸಿಕೊಂಡು ಹೋದ ನಾಯಿ ಕುದಿಯುವ ಮಡುವಿಗೆ ಬಿದ್ದು ಕಿರುಚಿತಂತೆ. ಓಡಿ ಬಂದ ರಾಜನಿಗೆ ತನ್ನ ಕಾಲಿನ ನೋವಿಗೆ ಔಷಧಿ ಸಿಕ್ಕಿತಂತೆ. ನಮ್ಮ ಸ್ಥಳಪುರಾಣಗಳಲ್ಲಿ ಹಸು ತಾನಾಗಿ ಹಾಲು ಸುರಿಸಿದಲ್ಲಿ ಲಿಂಗ ಸಿಗುವ ಹಾಗೆಯೇ ಇದು. ದಾಖಲೆಯ ಮಾತಿಗೆ ಬಂದರೆ, 1370ರಲ್ಲಿ ಚಾರ್ಲ್ಸ್ ಈ ಊರಿಗೆ ಪಟ್ಟಣದ ಹಕ್ಕುಗಳನ್ನು ಕೊಟ್ಟ. ಅದಕ್ಕೂ ಮುಂಚೆಯೇ ಸುತ್ತಲಿನ ಹಳ್ಳಿಯವರಿಗೆ ಈ ನೀರು ಗೊತ್ತಿರಲಿಲ್ಲ ಎಂದು ನಂಬುವುದು ಕಷ್ಟ. ಊರಿನ ಅತಿ ದೊಡ್ಡ ಬುಗ್ಗೆ ಶ್ಪ್ರೂಡೆಲ್ 73 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ನಿಮಿಷಕ್ಕೆ ಸುಮಾರು 2000 ಲೀಟರ್‌ನಂತೆ, ಹನ್ನೆರಡು ಮೀಟರ್ ಎತ್ತರಕ್ಕೆ ಚಿಮ್ಮುತ್ತದೆ. ಹಬೆಯೇ ದೂರದಿಂದ ಕರೆಯುತ್ತದೆ.

ಮೊದಮೊದಲು ಜನ ಈ ನೀರನ್ನು ಕುಡಿಯುತ್ತಿರಲಿಲ್ಲ, ಅದರಲ್ಲಿ ಮುಳುಗಿ ಕೂರುತ್ತಿದ್ದರು. ಅದೂ ಸ್ವಲ್ಪ ಹೊತ್ತಲ್ಲ. ದಿನಕ್ಕೆ ಹತ್ತು ಗಂಟೆಯವರೆಗೂ ತೊಟ್ಟಿಯಲ್ಲಿ ಕೂತು, ಚರ್ಮ ಬಿರಿದು ಬೊಬ್ಬೆ ಏಳುವ ತನಕ ನೆನೆಯುವುದೇ ಚಿಕಿತ್ಸೆ. ಬಿರಿದ ಚರ್ಮದ ಮೂಲಕ ಒಳಗಿನ ಕೆಟ್ಟ ರಸ ಹೊರಗೆ ಹೋಗುತ್ತದೆ ಎಂಬ ನಂಬಿಕೆ. ‘ಚರ್ಮ ತಿನ್ನುವ ಸ್ನಾನ’ ಎಂದೇ ಅದಕ್ಕೆ ಹೆಸರು. 1522ರಲ್ಲಿ ವೆನ್ಸೆಸ್ಲಾಸ್ ಪಾಯರ್ ಎಂಬ ವೈದ್ಯ ಈ ನೀರಿನ ಮೇಲೆ ಮೊದಲ ವೈದ್ಯಗ್ರಂಥ ಪ್ರಕಟಿಸಿ, ಮೀಯುವುದರ ಜೊತೆಗೆ ಕುಡಿಯಿರಿ ಎಂದ. ಜನ ಕುಡಿಯತೊಡಗಿದರು, ಆದರೆ ಹದ ತಪ್ಪಿತು. ದಿನಕ್ಕೆ ಐವತ್ತು ಅರವತ್ತು ಲೋಟ ಕುಡಿದವರಿದ್ದಾರೆ. ಬಿಸಿ ಮಾಡಿದ ಕೋಣೆಯಲ್ಲಿ, ಕಿಟಕಿ ಮುಚ್ಚಿ, ಹಾಸಿಗೆಯಲ್ಲಿ ಕೂತು, ತರಿಸಿಕೊಂಡ ನೀರನ್ನು ಕುಡಿದು ಕುಡಿದು ಬೆವರುವುದು ವೈದ್ಯರ ಆಜ್ಞೆಯಾಗಿತ್ತು.

ಈ ಹಿಂಸೆಗೆ ಕೊನೆ ಹಾಡಿದವನು ಇದೇ ಊರಿನ ವೈದ್ಯ ಡೇವಿಡ್ ಬೆಕರ್. ಅವನು 1725ರಲ್ಲಿ ಹುಟ್ಟಿದವನು. ನೀರನ್ನು ರಾಸಾಯನಿಕವಾಗಿ ಪರೀಕ್ಷಿಸಿ, ಅದರಲ್ಲಿ ಕರಗಿರುವ ಅನಿಲ ಬುಗ್ಗೆಯಿಂದ ದೂರ ಒಯ್ದಷ್ಟೂ ಹಾರಿಹೋಗುತ್ತದೆ ಎಂದು ಕಂಡುಕೊಂಡ. ಹಾಗಾದರೆ ನೀರು ರೋಗಿಯ ಕೋಣೆಗೆ ಬರಬಾರದು, ರೋಗಿಯೇ ಎದ್ದು ಬುಗ್ಗೆಯ ಹತ್ತಿರ ಹೋಗಬೇಕು. ಕಡಿಮೆ ಕುಡಿಯಬೇಕು, ಕುಡಿಯುತ್ತ ನಡೆಯಬೇಕು. ಇಷ್ಟು ಸಣ್ಣ ಮಾತು. ಆದರೆ ಇಡೀ ಊರು ತಿರುಗಿ ನಿಂತದ್ದು ಇದರ ಮೇಲೆ. ನಡೆಯುವವರಿಗೆ ದಾರಿ ಬೇಕು, ಮಳೆ ಬಂದರೆ ಮೇಲೆ ಸೂರು ಬೇಕು, ಬೇಸರ ಕಳೆಯಲು ಸಂಗೀತ ಬೇಕು. ಕಂಬಸಾಲಿನ ಮಂಟಪಗಳು, ಗುಡ್ಡ ಸುತ್ತುವ ಕಾಲುದಾರಿಗಳು, ಬೆಳಗಿನ ವಾದ್ಯಮೇಳ ಎಲ್ಲವೂ ಒಂದೊಂದಾಗಿ ಬಂದವು. ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರ ಕಟ್ಟಿದ ಯೋಸೆಫ್ ಜೀಟೆಕ್ 1871ರಿಂದ 1881ರವರೆಗೆ ಇಲ್ಲಿ ಕಟ್ಟಿದ ಮಂಟಪಕ್ಕೆ 124 ಕಂಬಗಳು. ಅದು ಕಾಣುವುದು ಅರಮನೆಯ ಹಾಗೆ. ಅದರ ಕೆಲಸ ಮಾತ್ರ ಲೋಟ ಹಿಡಿದವರನ್ನು ನೆನೆಯದಂತೆ ನಡೆಸುವುದು.

ನೀರಿನಲ್ಲಿ ಏನಿತ್ತು ಎನ್ನುವುದು ಗುಟ್ಟಲ್ಲ. ಮುಖ್ಯವಾಗಿ ಸೋಡಿಯಂ ಸಲ್ಫೇಟ್, ಬೈಕಾರ್ಬನೇಟ್, ಅಡಿಗೆ ಉಪ್ಪು. ಹೊಟ್ಟೆ ತೊಳೆಯುವುದಕ್ಕೆ, ಹುಳಿ ತಗ್ಗಿಸುವುದಕ್ಕೆ ಸಾಕು. ಆದರೆ ಅದರ ಸುತ್ತ ಇದ್ದ ದಿನಚರಿಯನ್ನು ನೋಡಿ: ಬೆಳಗ್ಗೆ ಐದಕ್ಕೆ ಏಳುವುದು, ಬರಿಹೊಟ್ಟೆಯಲ್ಲಿ ಆರು ಲೋಟ, ಲೋಟಕ್ಕೊಮ್ಮೆ ಕಾಲು ಗಂಟೆ ನಡಿಗೆ, ಆಮೇಲೆ ಒಂದು ಗಂಟೆ ಗುಡ್ಡ ಸುತ್ತಿ ಬಂದು ಮಿತವಾದ ತಿಂಡಿ, ಕೊಬ್ಬಿಲ್ಲದ ಊಟ, ರಾತ್ರಿ ಬೇಗ ಮಲಗುವುದು. ವರ್ಷವಿಡೀ ಹಂದಿಮಾಂಸ, ಬೆಣ್ಣೆ, ವೈನಿನಲ್ಲಿ ಮುಳುಗಿದ್ದ ದೇಹಕ್ಕೆ ನಾಲ್ಕು ವಾರ ಇಂಥ ಶಿಸ್ತು ಸಿಕ್ಕರೆ ಚೇತರಿಕೆ ಕಾಣದೆ ಇರುತ್ತದೆಯೆ? ಇನ್ಸುಲಿನ್ ಬರುವ ಮೊದಲು ಸಕ್ಕರೆ ಕಾಯಿಲೆಯವರೂ ಇಲ್ಲಿಗೆ ಗುಂಪುಗುಂಪಾಗಿ ಬರುತ್ತಿದ್ದರು. ಅವರಿಗೆ ನೀರಿಗಿಂತ ಪಥ್ಯ, ನಡಿಗೆಗಳೇ ಆಸರೆಯಾದವು ಎಂದು ಈಗ ತಿಳಿಯುತ್ತದೆ.

ಆ ಶಿಸ್ತಿನ ಒಳಗೂ ಮೇಲು ಕೀಳು ಇತ್ತು. ಪ್ರತಿಷ್ಠಿತ ಅತಿಥಿಯ ಗಾಡಿ ಕಣಿವೆಯೊಳಗೆ ಇಳಿಯುವುದು ಕಂಡರೆ ಗೋಪುರದ ಮೇಲಿನ ಕಾವಲುಗಾರ ಕಹಳೆ ಊದುತ್ತಿದ್ದ. ಜನ ಯಾರು ಬಂದರೆಂದು ಕಿಟಕಿಗೆ ಬರುತ್ತಿದ್ದರು, ಗೌರವ ಪಡೆದವನು ಅವನಿಗೆ ಇನಾಮು ಕೊಡುತ್ತಿದ್ದ. ಮನೆಗಳಿಗೆ ನಂಬರಿಗಿಂತ ಹೆಸರೇ ಗುರುತು. ಬೇಸಿಗೆ ಬಂತೆಂದರೆ ಊರಿನವರು ಒಳ್ಳೆಯ ಕೋಣೆಗಳನ್ನೆಲ್ಲ ಬಾಡಿಗೆಗೆ ಬಿಟ್ಟುಕೊಡುತ್ತಿದ್ದರು. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ದುಡಿಮೆಯಲ್ಲಿ ಚಳಿಗಾಲವನ್ನೂ ದೂಡಬೇಕು. ಲೋಟ ತುಂಬಿಸುವ ಹುಡುಗಿ, ತೊಟ್ಟಿ ತಿಕ್ಕುವವರು, ಹಾಸಿಗೆ ಬಡಿದು ಒಣಗಿಸುವ ಹೆಂಗಸರು, ಇವರ ಹೆಸರು ಯಾವ ಪಟ್ಟಿಯಲ್ಲೂ ಅಚ್ಚಾಗಲಿಲ್ಲ. ಅಚ್ಚಾದ ಪಟ್ಟಿ ಬಂದವರದು. ಬೆಳಗಿನ ಕಾಫಿಯ ಜೊತೆ ಅದನ್ನು ಓದುವುದೇ ಅರ್ಧ ಚಿಕಿತ್ಸೆ. ಯಾವ ಕೌಂಟ್ ಎಲ್ಲಿ ಇಳಿದಿದ್ದಾನೆ, ಯಾವ ಮನೆತನದ ಹೆಣ್ಣುಮಕ್ಕಳು ಬಂದಿದ್ದಾರೆ ಎಂದು ತಿಳಿದುಕೊಂಡು ಮಧ್ಯಾಹ್ನದ ನಡಿಗೆಯ ದಾರಿ ಗೊತ್ತು ಮಾಡಿಕೊಳ್ಳುತ್ತಿದ್ದರು.

ಅರಮನೆಯಲ್ಲಿ ಮಾತಾಡಿಸಲಾಗದವರನ್ನು ಇಲ್ಲಿ ಮಾತಾಡಿಸಬಹುದಿತ್ತು. ಲೋಟ ಹಿಡಿದ ದೊರೆಯೂ ಒಬ್ಬ ರೋಗಿಯೇ. ಜರ್ಮನ್ ಕವಿ ಗಯಟೆ ಕಾರ್ಲ್ಸ್‌ಬಾದಿಗೆ 13 ಸಲ ಬಂದದ್ದು ಬರೀ ನೀರಿಗಾಗಿ ಅಲ್ಲ, ಈ ಸಲಿಗೆಗಾಗಿ. 1823ರಲ್ಲಿ, 74ರ ಹೊಸ್ತಿಲಲ್ಲಿ, ಹತ್ತಿರದ ಮರಿಯೆನ್‌ಬಾದಿನಲ್ಲಿ ಅವನು 19ರ ಹುಡುಗಿ ಉಲ್ರಿಕೆ ಫಾನ್ ಲೆವೆಟ್ಸೋವ್‌ಳನ್ನು ಮದುವೆಯಾಗಲು ಬಯಸಿದ. ಅವನ ಪರವಾಗಿ ಹೆಣ್ಣು ಕೇಳಲು ಹೋದವನು ವೈಮಾರ್‌ನ ಮಹಾಡ್ಯೂಕ್! ಸಂಬಂಧ ಕೂಡಿಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಕಾರ್ಲ್ಸ್‌ಬಾದಿನಿಂದ ಊರಿಗೆ ಮರಳುವ ಗಾಡಿಯಲ್ಲಿ ಕೂತು ಅವನು ಬರೆದದ್ದೇ ‘ಮರಿಯೆನ್‌ಬಾದ್ ಶೋಕಗೀತೆ’. ಉಲ್ರಿಕೆ ಮದುವೆಯನ್ನೇ ಆಗದೆ 1899ರವರೆಗೆ ಬದುಕಿದಳು. ಆ ಬೇಸಿಗೆಯ ಕಥೆಯನ್ನು ಎಲ್ಲರೂ ಕವಿಯ ಕಡೆಯಿಂದಲೇ ಹೇಳುತ್ತಾರೆ. 76 ವರ್ಷ ಅದೇ ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗಿ ಬಂದ ಆ ಹೆಣ್ಣುಮಗಳ ಬಗ್ಗೆ ನನಗೆ ಹೆಚ್ಚು ಮರುಕ.

ಸಲಿಗೆಯ ಜಾಗದಲ್ಲಿ ಸಂಚೂ ಸುಲಭ. ಮಂತ್ರಿಗಳು ಬೇಸಿಗೆಯಲ್ಲಿ ಬಿಸಿನೀರಿನ ಊರಲ್ಲಿ ಒಟ್ಟಾದರೆ ಯಾರೂ ಹುಬ್ಬೇರಿಸುವುದಿಲ್ಲ. 1819ರ ಮಾರ್ಚ್‌ನಲ್ಲಿ ಕಾರ್ಲ್ ಸಾಂಡ್ ಎಂಬ ವಿದ್ಯಾರ್ಥಿ ಮಾನ್‌ಹೈಮ್‌ನಲ್ಲಿ ನಾಟಕಕಾರ ಕೊಟ್ಸೆಬುವನ್ನು ಇರಿದು ಕೊಂದ. ಆಸ್ಟ್ರಿಯಾದ ಮಂತ್ರಿ ಮೆಟರ್ನಿಖ್‌ಗೆ ಬೇಕಾಗಿದ್ದ ನೆಪ ಸಿಕ್ಕಿತು. ಆಗಸ್ಟ್‌ನಲ್ಲಿ ಅವನು ಜರ್ಮನ್ ರಾಜ್ಯಗಳ ಮಂತ್ರಿಗಳನ್ನು ಕಾರ್ಲ್ಸ್‌ಬಾದಿನಲ್ಲಿ ಕೂಡಿಸಿಕೊಂಡ. ಅಲ್ಲಿ ಸಿದ್ಧವಾದ ಕಟ್ಟಳೆಗಳನ್ನು ಸೆಪ್ಟೆಂಬರ್ 20ರಂದು ಜರ್ಮನ್ ಒಕ್ಕೂಟದ ಸಭೆ ಅನುಮೋದಿಸಿತು. ವಿಶ್ವವಿದ್ಯಾಲಯಗಳ ಮೇಲೆ ಸರ್ಕಾರದ ಕಣ್ಣು, ವಿದ್ಯಾರ್ಥಿ ಸಂಘಗಳಿಗೆ ನಿಷೇಧ. 20 ಫಾರಂ, ಅಂದರೆ 320 ಪುಟಕ್ಕಿಂತ ಚಿಕ್ಕದಾದ ಯಾವ ಪ್ರಕಟಣೆಯೂ ಅಚ್ಚಿಗೆ ಮುಂಚೆ ಸೆನ್ಸಾರ್ ಕಣ್ಣಿಗೆ ಬೀಳಬೇಕು. ದಪ್ಪ ಪುಸ್ತಕವನ್ನು ಬಡವರು ಕೊಳ್ಳಲಾರರು, ಅದರಿಂದ ಅಪಾಯ ಕಡಿಮೆ ಎಂಬ ಎಣಿಕೆ. ಈ ಕಟ್ಟಳೆಗಳು 1848ರ ಕ್ರಾಂತಿಯವರೆಗೆ ಜಾರಿಯಲ್ಲಿದ್ದವು. ಕೊಲೋನ್‌ನಲ್ಲಿ 25 ದಾಟದ ಒಬ್ಬ ಯುವಕ ಸಂಪಾದಿಸುತ್ತಿದ್ದ ‘ರೈನಿಷೆ ತ್ಸೈಟುಂಗ್’ ಪತ್ರಿಕೆಯನ್ನು 1843ರಲ್ಲಿ ಪ್ರಶ್ಯಾದ ಸೆನ್ಸಾರ್ ಮುಚ್ಚಿಸಿತು. ಆ ಸಂಪಾದಕನೇ ಮಾರ್ಕ್ಸ್. ಬಾಯಿ ಕಟ್ಟುವ ಕಾನೂನಿಗೆ ಹೆಸರು ಕೊಟ್ಟ ಊರಿಗೇ ಮೂವತ್ತು ವರ್ಷಗಳ ಮೇಲೆ ಅವನು ಕಾಯಿಲೆ ಹೊತ್ತು ಬಂದ.

ಬರುವ ಮುಂಚೆ ಒಂದು ರಕ್ಷಣೆ ಬೇಕೆಂದು ಅವನು ಲಂಡನ್ನಿನಲ್ಲಿ ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕಿದ್ದ. ಸ್ಕಾಟ್‌ಲೆಂಡ್ ಯಾರ್ಡ್‌ನ ವರದಿ ಇವನು ತನ್ನ ದೊರೆಗೂ ದೇಶಕ್ಕೂ ನಿಷ್ಠನಲ್ಲ ಎಂದಿತು, ಅರ್ಜಿ ತಿರಸ್ಕೃತವಾಯಿತು. ಆ ಹೊತ್ತಿಗೆ ಅಪ್ಪ ಮಗಳು ಕಾರ್ಲ್ಸ್‌ಬಾದಿನಲ್ಲಿದ್ದರು. ಉಳಿದುಕೊಂಡದ್ದು ಗುಡ್ಡದ ಏರಿನ ‘ಗೆರ್ಮಾನಿಯಾ’ ಎಂಬ ಮನೆಯಲ್ಲಿ. ಹ್ಯಾನೋವರ್‌ನ ವೈದ್ಯ ಮಿತ್ರ ಕುಗೆಲ್‌ಮನ್‌ನ ಕುಟುಂಬವೂ ಅಲ್ಲೇ ಇಳಿದಿತ್ತು. ಕುಗೆಲ್‌ಮನ್ ಹೆಂಡತಿಯನ್ನು ಸದಾ ಹಂಗಿಸುತ್ತ ಗದರುತ್ತಿದ್ದುದನ್ನು ಕೇಳಲಾರದೆ ಮಾರ್ಕ್ಸ್ ಮೇಲಿನ ಅಂತಸ್ತಿಗೆ ಕೋಣೆ ಬದಲಾಯಿಸಿಕೊಂಡ. ವರ್ಷಗಳ ಸ್ನೇಹ ಅಲ್ಲಿಗೆ ಮುರಿಯಿತು. ಗೋಡೆಗೆ ಗೋಡೆ ತಾಗಿದ ಬಾಡಿಗೆ ಕೋಣೆಗಳಲ್ಲಿ ನಾಲ್ಕು ವಾರ ಇದ್ದರೆ ಮನುಷ್ಯರ ಬಣ್ಣ ಬಯಲಾಗದೆ ಇರುವುದಿಲ್ಲ.

ವೇಷ ಬಹಳ ದಿನ ನಿಲ್ಲಲಿಲ್ಲ. ಪತ್ರಿಕೆಯೊಂದು ಅವನ ಗುಟ್ಟು ಬಿಟ್ಟುಕೊಟ್ಟಿತು. 1875ರಲ್ಲಿ ಅವನು ಎರಡನೇ ಸಲ ಬಂದಾಗ ಸ್ಥಳೀಯ ಅಧಿಕಾರಿ ಪ್ರಾಗ್‌ಗೆ ವರದಿ ಕಳಿಸಿದ: ಈ ಮನುಷ್ಯ ಶಾಂತವಾಗಿದ್ದಾನೆ, ಬೇರೆ ಅತಿಥಿಗಳ ಜೊತೆ ಹೆಚ್ಚು ಬಳಕೆ ಇಲ್ಲ, ಆಗಾಗ ಒಬ್ಬನೇ ದೂರದೂರ ನಡೆಯುತ್ತಾನೆ ಎಂಬುದು ಅದರ ಸಾರಾಂಶ. ದೂರ ನಡೆಯುವುದು ಅವನ ವೈದ್ಯನ ಚೀಟಿಯಲ್ಲೂ ಇದ್ದ ಮಾತು. 1876ರಲ್ಲಿ ಮೂರನೇ ಸಲ, ಮತ್ತೆ ಮಗಳು ಎಲಿನಾರ್ ಜೊತೆ ಬಂದ. ಆಮೇಲೆ ಖರ್ಚು ಕೈಮೀರಿತು. 1878ರಲ್ಲಿ ಚಾನ್ಸಲರ್ ಬಿಸ್ಮಾರ್ಕ್ ಸಮಾಜವಾದಿಗಳ ವಿರುದ್ಧ ಕಾನೂನು ತಂದ ಮೇಲೆ ಜರ್ಮನಿಯ ದಾರಿಯೂ ಕಟ್ಟಿತು.

ಬಿಸ್ಮಾರ್ಕ್‌ನ ಹೆಸರು ಬಂದದ್ದರಿಂದ ಇನ್ನೊಂದು ಬುಗ್ಗೆಯ ಊರಿನ ಮಾತು ಹೇಳಲೇಬೇಕು. 1870ರ ಜುಲೈ 13ರ ಬೆಳಗ್ಗೆ ಪ್ರಶ್ಯಾದ ದೊರೆ ವಿಲ್ಹೆಲ್ಮ್ ಬಾದ್ ಎಮ್ಸ್‌ನ ನಡಿಗೆದಾರಿಯಲ್ಲಿದ್ದ. ಫ್ರಾನ್ಸಿನ ರಾಯಭಾರಿ ಬೆನೆಡೆಟ್ಟಿ ಅಲ್ಲೇ ಎದುರಾದ. ಸ್ಪೇನಿನ ಸಿಂಹಾಸನಕ್ಕೆ ನಿಮ್ಮ ಮನೆತನದವರು ಎಂದೂ ಕೈಚಾಚುವುದಿಲ್ಲವೆಂದು ಮಾತು ಕೊಡಿ ಎಂದು ಕೇಳಿದ. ದೊರೆ ಸಭ್ಯವಾಗಿಯೇ ಒಲ್ಲೆ ಎಂದ. ಈ ಸಂಗತಿ ತಂತಿಯಲ್ಲಿ ಬರ್ಲಿನ್ನಿಗೆ ಹೋಯಿತು. ಬಿಸ್ಮಾರ್ಕ್ ಅದರ ಸೌಜನ್ಯದ ಸಾಲುಗಳನ್ನೆಲ್ಲ ಕತ್ತರಿಸಿ, ರಾಯಭಾರಿಗೆ ಅವಮಾನವಾದಂತೆ ಕಾಣುವ ಹಾಗೆ ಪತ್ರಿಕೆಗಳಿಗೆ ಕೊಟ್ಟ. ಆರು ದಿನಗಳಲ್ಲಿ ಫ್ರಾನ್ಸ್ ಯುದ್ಧ ಸಾರಿತು. ರಾಜಸಭೆಯಲ್ಲಿ ರಾಯಭಾರಿ ಹೀಗೆ ಎದುರು ನಿಂತು ಕೇಳುವಂತೆಯೇ ಇರಲಿಲ್ಲ. ಬುಗ್ಗೆಯ ಊರಿನ ಸಲಿಗೆಗೆ ತೆತ್ತ ಬೆಲೆ ಇದು. ಅವರು ನಿಂತ ಜಾಗದಲ್ಲಿ ಈಗ ಒಂದು ಕಲ್ಲು ನೆಟ್ಟಿದ್ದಾರೆ.

ಬಾದೆನ್-ಬಾದೆನ್, ವೀಸ್‌ಬಾದೆನ್, ಹೊಂಬುರ್ಗ್‌ಗಳಲ್ಲಿ ನೀರಿಗಿಂತ ಜೂಜಿನ ಮೇಜೇ ದೊಡ್ಡದಾಗಿತ್ತು. ದೊಸ್ತೊಯೆವ್‌ಸ್ಕಿ ಅಲ್ಲೆಲ್ಲ ಕೈ ಖಾಲಿ ಮಾಡಿಕೊಂಡು, 1866ರಲ್ಲಿ ‘ಜೂಜುಕೋರ’ ಕಾದಂಬರಿಯನ್ನು 26 ದಿನಗಳಲ್ಲಿ ಹೇಳಿ ಬರೆಸಿದ. 1872ರ ಕೊನೆಗೆ ಜರ್ಮನಿಯಲ್ಲಿ ಜೂಜುಮನೆಗಳು ಮುಚ್ಚಿದವು. ಅದರ ಕಥೆ ಬೇರೆಯೇ ಆದ್ದರಿಂದ ಇಲ್ಲಿ ಇಷ್ಟು ಸಾಕು.

ಬಡವರು ಎಲ್ಲಿದ್ದರು? ಈ ಪ್ರಶ್ನೆಗೆ ನನಗೆ ಸಿಕ್ಕ ಅತ್ಯುತ್ತಮ ಉತ್ತರ ಇಂಗ್ಲೆಂಡಿನ ಬಾತ್ ಊರಿನದು. ರೋಮನ್ನರು ಸುಲಿಸ್ ಮಿನರ್ವ ದೇವತೆಯ ಗುಡಿ ಕಟ್ಟಿದ್ದ ಆ 46 ಡಿಗ್ರಿಯ ಬುಗ್ಗೆಯ ಸುತ್ತ 18ನೇ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತಿಕೆಯೆಲ್ಲ ಸೇರುತ್ತಿತ್ತು. ಅದರ ಹಿಂದೆಯೇ ಭಿಕ್ಷುಕರೂ ಕುಂಟರೂ ಬರುತ್ತಿದ್ದರು. ಅವರಿಗಾಗಿ 1742ರಲ್ಲಿ ಒಂದು ಆಸ್ಪತ್ರೆ ತೆರೆಯಿತು. ಹೊರ ಊರಿನ ಬಡರೋಗಿಯನ್ನು ಸೇರಿಸಿಕೊಳ್ಳುತ್ತಿದ್ದರು, ಆದರೆ ಮುಂಗಡ ಹಣ ಇಡಬೇಕಿತ್ತು. ಗುಣವಾದರೆ ಮನೆಗೆ ಮರಳುವ ದಾರಿಖರ್ಚಿಗೆ, ಸತ್ತರೆ ಮಣ್ಣು ಮಾಡುವ ಖರ್ಚಿಗೆ. ಅಲ್ಲಿಗೆ ಬಂದವರಲ್ಲಿ ಬಣ್ಣ ಬಳಿಯುವವರು, ಸೀಸದ ಕೊಳವೆ ಕೂರಿಸುವವರು, ಕುಂಬಾರರು ಬಹಳ ಮಂದಿ. ಸೀಸದ ವಿಷ ಏರಿ ಮುಂಗೈ ಜೋತುಬಿದ್ದು, ಅನ್ನದ ಚಮಚ ಎತ್ತಲಾಗದ ಸ್ಥಿತಿಯಲ್ಲಿ ಬಂದವರು. ವಾರಗಟ್ಟಲೆ ಕುತ್ತಿಗೆ ಮಟ್ಟದ ಬಿಸಿನೀರಿನಲ್ಲಿ ಕೂತು, ಕೈ ಆಡಿಸುತ್ತ ಮನೆಗೆ ಹೋದವರ ಲೆಕ್ಕವನ್ನು ಆಸ್ಪತ್ರೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಬರೆದಿಟ್ಟಿತು.

ಆ ಲೆಕ್ಕವನ್ನು ಮುಂದಿನ ವೈದ್ಯರು ನಂಬಲಿಲ್ಲ. 1980ರ ದಶಕದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ದೇಹ ಕುತ್ತಿಗೆಯವರೆಗೆ ಮುಳುಗಿದಾಗ ಸುತ್ತಲಿನ ನೀರಿನ ಒತ್ತಡ ಕಾಲಿನ ರಕ್ತವನ್ನು ಎದೆಯ ಕಡೆಗೆ ತಳ್ಳುತ್ತದೆ. ರಕ್ತ ಹೆಚ್ಚಾಯಿತೆಂದು ತಿಳಿದ ದೇಹ ಮೂತ್ರಪಿಂಡಕ್ಕೆ ಕೆಲಸ ಹೆಚ್ಚಿಸುತ್ತದೆ. ಮೂತ್ರದ ಜೊತೆ ಸೀಸವೂ ಹೆಚ್ಚಾಗಿ ಹೊರಗೆ ಹೋಗುತ್ತದೆ. ಬಾತ್‌ನ ನೀರೇ ಆಗಬೇಕೆಂದಿಲ್ಲ, ಕುತ್ತಿಗೆಯಷ್ಟು ಆಳದ ಬೆಚ್ಚಗಿನ ನೀರು ಯಾವುದಾದರೂ ಸಾಕು. ಆದರೆ ಸೀಸದ ಕೊಳವೆ ಜೋಡಿಸುವ ಬಡವನ ಮನೆಯಲ್ಲಿ ಕುತ್ತಿಗೆಯಷ್ಟು ಬಿಸಿನೀರು ಎಲ್ಲಿಂದ ಬರಬೇಕು? ಇಡೀ ಯುರೋಪಿನ ಸಿರಿವಂತರು ಎರಡು ಶತಮಾನ ಈ ಬುಗ್ಗೆಗಳಲ್ಲಿ ಆರೋಗ್ಯ ಹುಡುಕಿದರು. ಖಚಿತವಾಗಿ ಗುಣ ಸಿಕ್ಕ ರೋಗಗಳಲ್ಲಿ ಒಂದು ದುಡಿಯುವವರ ರೋಗ ಎಂಬುದನ್ನು ಓದಿದಾಗ ನನಗೆ ಬಹಳ ಹೊತ್ತು ಪುಸ್ತಕ ಮುಂದಕ್ಕೆ ಸಾಗಲಿಲ್ಲ.

ಕಾರ್ಲ್ಸ್‌ಬಾದಿಗೆ ಮರಳೋಣ. ಶತಮಾನಗಳ ಕಾಲ ಈ ಊರಿನಲ್ಲಿ ಯಹೂದ್ಯರು ನೆಲೆಸುವಂತಿರಲಿಲ್ಲ. ಬೇಸಿಗೆಯಲ್ಲಿ ವ್ಯಾಪಾರಕ್ಕೆ ಬಂದು ಹೋಗಬಹುದಿತ್ತು, ಅಷ್ಟೇ. 1848ರ ನಂತರ ಬಾಗಿಲು ತೆರೆಯಿತು. 1877ರಲ್ಲಿ ಅವರ ಪ್ರಾರ್ಥನೆಗೆ ದೊಡ್ಡ ಸಿನಗಾಗ್ ಎದ್ದಿತು. 1870ರಲ್ಲಿ ರೈಲು ಬಂದ ಮೇಲೆ ಗಲಿಷಿಯಾ, ಪೋಲೆಂಡ್, ರಷ್ಯಾಗಳಿಂದ ಉದ್ದನೆಯ ಕಪ್ಪು ನಿಲುವಂಗಿಯ ರಬ್ಬಿಗಳೂ ವ್ಯಾಪಾರಿಗಳೂ ಅದೇ ಸಾಲಿನಲ್ಲಿ ಲೋಟ ಹಿಡಿದು ನಿಂತರು. ಉತ್ತರ ಜರ್ಮನಿಯ ಬೋರ್ಕುಮ್ ದ್ವೀಪದಂಥ ಕಡಲತೀರದ ವಿಹಾರತಾಣಗಳು ಯಹೂದ್ಯರಿಗೆ ಪ್ರವೇಶವಿಲ್ಲ ಎಂದು ಜಾಹೀರಾತು ಕೊಡುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. 1911ರ ಒಂದೇ ವರ್ಷ ಈ ಪುಟ್ಟ ಊರಿಗೆ ಸುಮಾರು 70 ಸಾವಿರ ಅತಿಥಿಗಳು ಬಂದರು. ಮೊದಲ ಮಹಾಯುದ್ಧದ ನಂತರ, ಊರು ಜೆಕೊಸ್ಲೊವಾಕಿಯಾಕ್ಕೆ ಸೇರಿದ ಮೇಲೆ, 1921 ಮತ್ತು 1923ರ ಜಿಯೋನಿಸ್ಟ್ ಮಹಾಸಭೆಗಳು ನಡೆದದ್ದೂ ಇಲ್ಲೇ.

ನಮ್ಮ ದೇಶದ ಒಂದು ನೋವಿನ ಎಳೆಯೂ ಈ ಊರುಗಳ ಮೂಲಕ ಹಾದುಹೋಗಿದೆ. ಜೈಲಿನಲ್ಲಿ ಆರೋಗ್ಯ ಕೆಟ್ಟು 1933ರಲ್ಲಿ ಯುರೋಪಿಗೆ ಬಂದಿದ್ದ ಸುಭಾಷ್‌ಚಂದ್ರ ಬೋಸರಿಗೆ 1935ರ ಏಪ್ರಿಲ್‌ನಲ್ಲಿ ವಿಯೆನ್ನಾದಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ಸುಧಾರಿಸಿಕೊಳ್ಳಲು ಅವರು ಹೋದದ್ದು ಕಾರ್ಲ್ಸ್‌ಬಾದಿಗೆ. ಅದೇ ವರ್ಷ ಕ್ಷಯದಿಂದ ನರಳುತ್ತಿದ್ದ ಕಮಲಾ ನೆಹರೂ ಜರ್ಮನಿಯ ಬಾದೆನ್‌ವೈಲರ್‌ನಲ್ಲಿದ್ದರು. 1904ರಲ್ಲಿ ಚೆಕಾಫ್ ಕೊನೆಯುಸಿರೆಳೆದ ಊರು ಅದು. ಸೆಪ್ಟೆಂಬರ್‌ನಲ್ಲಿ ಅಲ್ಮೋರಾ ಜೈಲಿನಿಂದ ಬಿಡುಗಡೆಯಾದ ಜವಾಹರಲಾಲರು ವಿಮಾನದಲ್ಲಿ ಅಲ್ಲಿಗೆ ಧಾವಿಸಿದರು. 1936ರ ಫೆಬ್ರವರಿ 28ರಂದು ಕಮಲಾ ಲೊಸಾನ್‌ನಲ್ಲಿ ತೀರಿಕೊಂಡರು. ಬೋಸರು 1937ರ ಡಿಸೆಂಬರ್‌ನಲ್ಲಿ ಆಸ್ಟ್ರಿಯಾದ ಇನ್ನೊಂದು ಬಿಸಿನೀರಿನ ಊರು ಬಾದ್‌ಗಾಸ್ಟೈನ್‌ನಲ್ಲಿ ಕೂತು ತಮ್ಮ ಆತ್ಮಕಥೆಯ ಅಧ್ಯಾಯಗಳನ್ನು ಬರೆದರು.

ಅದಾಗಿ ನಾಲ್ಕೇ ತಿಂಗಳು. 1938ರ ಏಪ್ರಿಲ್ 24ರಂದು ಈ ಗಡಿಸೀಮೆಯ ಸುಡೆಟನ್ ಜರ್ಮನ್ನರ ನಾಯಕ ಕಾನ್ರಾಡ್ ಹೆನ್‌ಲೈನ್ ಕಾರ್ಲ್ಸ್‌ಬಾದಿನಲ್ಲಿ ಎಂಟು ಬೇಡಿಕೆಗಳನ್ನು ಘೋಷಿಸಿದ. ಸೆಪ್ಟೆಂಬರ್ ಕೊನೆಗೆ ಮ್ಯೂನಿಕ್ ಒಪ್ಪಂದವಾಗಿ ಈ ಸೀಮೆ ಹಿಟ್ಲರನ ಪಾಲಾಯಿತು. ನವೆಂಬರ್‌ನ ಒಂದು ರಾತ್ರಿ ಜರ್ಮನಿಯ ಉದ್ದಗಲಕ್ಕೂ ಯಹೂದ್ಯರ ಸಿನಗಾಗ್‌ಗಳಿಗೆ ಬೆಂಕಿ ಬಿದ್ದಾಗ 1877ರ ಸಿನಗಾಗ್ ಕೂಡ ಸುಟ್ಟುಹೋಯಿತು. ಅರವತ್ತು ವರ್ಷ ಸಾಲಿನಲ್ಲಿ ಜೊತೆಗೆ ನಿಂತವರನ್ನು ಹೊರಗೆಳೆದದ್ದು ಹೀಗೆ. ಯುದ್ಧ ಮುಗಿದ ಮೇಲೆ ಇನ್ನೊಂದು ಸರದಿ ಬಂತು. ಊರಿನ ಬಹುಪಾಲು ಜನ ಜರ್ಮನ್ ಮಾತಾಡುವವರು. ತೋಳಿಗೆ ಬಿಳಿಪಟ್ಟಿ ಕಟ್ಟಿಸಿಕೊಂಡು, ಕೈಯಲ್ಲಿ ಹೊರುವಷ್ಟು ಗಂಟು ಮಾತ್ರ ಹಿಡಿದು, 1945 ಮತ್ತು 46ರಲ್ಲಿ ಅವರು ರೈಲು ಹತ್ತಿದರು. ಅವರಲ್ಲಿ ಹೆನ್‌ಲೈನ್‌ಗೆ ಜೈಕಾರ ಹಾಕಿದವರಿದ್ದರು, ತೊಟ್ಟಿ ತಿಕ್ಕುತ್ತ ಮುದುಕರಾದವರೂ ಇದ್ದರು.

ಖಾಲಿಯಾದ ಊರಿಗೆ ಹೊಸ ಜನ ಬಂದರು, 1946ರಲ್ಲಿ ಚಲನಚಿತ್ರೋತ್ಸವ ಬಂತು, 1948ರಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂತು. ಬುಗ್ಗೆಗಳೂ ಹೋಟೆಲುಗಳೂ ರಾಷ್ಟ್ರದ ಸ್ವತ್ತಾದವು. ಶ್ರೀಮಂತರ ಪುಪ್ ಹೋಟೆಲ್ 1951ರಲ್ಲಿ ‘ಮಾಸ್ಕೊ’ ಎಂಬ ಹೆಸರು ಪಡೆಯಿತು. ಕಾರ್ಮಿಕ ಸಂಘದ ಚೀಟಿ ಹಿಡಿದು ಗಣಿಯವರು, ಗಿರಣಿಯವರು, ಶಾಲೆ ಮಾಸ್ತರರು ವಾರಗಟ್ಟಲೆ ಇರಲು ಬಂದರು. ಜೀಟೆಕ್‌ನ 124 ಕಂಬಗಳ ನಡುವೆ, ಬೆಳಗ್ಗೆ ಆರಕ್ಕೆ, ಲೋಟ ಹಿಡಿದು ನಿಂತರು. ಅದು ಸಣ್ಣ ಸಾಧನೆಯಲ್ಲ ಎಂದೇ ನನ್ನ ಭಾವನೆ. ಆ ಊರಿನಲ್ಲಿ ಈಗ ಮಾರ್ಕ್ಸ್‌ನ ಒಂದು ಪ್ರತಿಮೆ ಇದೆ, ತನ್ನ ಸ್ವಂತ ಹೆಸರಿನಲ್ಲಿ.

ಆದರೆ ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಬೆಟ್ಟದಲ್ಲಿ ಯಾಖಿಮೊವ್ ಇದೆ. 16ನೇ ಶತಮಾನದಲ್ಲಿ ಅಲ್ಲಿನ ಬೆಳ್ಳಿಯಿಂದ ಅಚ್ಚಾದ ಥಾಲರ್ ನಾಣ್ಯದಿಂದಲೇ ಡಾಲರ್ ಎಂಬ ಹೆಸರು ಹುಟ್ಟಿದ್ದು. ಅದೇ ಗಣಿಯ ಕಪ್ಪು ಅದಿರಿನಲ್ಲಿ ಕ್ಯೂರಿ ದಂಪತಿ 1898ರಲ್ಲಿ ರೇಡಿಯಂ ಕಂಡರು. ಗಣಿಯೊಳಗೆ ಒಸರುವ ನೀರಿನಲ್ಲಿ ವಿಕಿರಣ ಇದೆ ಎಂದು ತಿಳಿದಾಗ ಅದನ್ನೂ ಮದ್ದೆಂದು ನಂಬಿ 1906ರಲ್ಲಿ ಸ್ನಾನಗೃಹ ತೆರೆದರು. ಗಣಿಯ ಕೆಲಸಗಾರರು ತಲೆಮಾರುಗಳಿಂದ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಸಾಯುತ್ತಿದ್ದ ಜಾಗದಲ್ಲಿಯೇ ಗಣಿಯ ನೀರಿಗೆ ಅತಿಥಿಗಳು ಹಣ ಕೊಟ್ಟು ಇಳಿದರು. 1912ರಲ್ಲಿ ಎದ್ದ ಹೋಟೆಲಿನ ಹೆಸರು ‘ರೇಡಿಯಂ ಪ್ಯಾಲೇಸ್’.

ಕಾರ್ಮಿಕರು ಕಾರ್ಲೊವಿ ವಾರಿಯ ಕಂಬಗಳ ನಡುವೆ ನಡೆಯುತ್ತಿದ್ದ ಅದೇ ಬೇಸಿಗೆಗಳಲ್ಲಿ ಯಾಖಿಮೊವ್‌ನಲ್ಲಿ ಸೋವಿಯತ್ ಬಾಂಬಿಗೆ ಬೇಕಾದ ಯುರೇನಿಯಂ ಅಗೆಯುತ್ತಿದ್ದವರು ರಾಜಕೀಯ ಕೈದಿಗಳು. ಪಾದ್ರಿಗಳು, ಸ್ಕೌಟ್ ಹುಡುಗರು, ಯುದ್ಧದಲ್ಲಿ ಹೋರಾಡಿದ ಸೈನಿಕರು, ಜಮೀನು ಬಿಟ್ಟುಕೊಡದ ರೈತರು. ಪಾಳಿ ಬದಲಾಗುವಾಗ ಅವರನ್ನು ಐದೈದರ ಸಾಲಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಇಡೀ ಗುಂಪಿನ ಸುತ್ತ ಉಕ್ಕಿನ ಹಗ್ಗ ಬಿಗಿದು ಬೀಗ ಹಾಕುತ್ತಿದ್ದರು. ಒಬ್ಬ ಎಡವಿದರೆ ಎಲ್ಲರೂ ಬೀಳಬೇಕು. ಕೈದಿಗಳೇ ಅದಕ್ಕಿಟ್ಟ ಹೆಸರು ‘ಯಾಖಿಮೊವ್ ಬಸ್ಸು’. ಸ್ವೊರ್ನೊಸ್ತ್ ಶಿಬಿರದಲ್ಲಿ ಹಾಗೆ ಬಿಗಿದುಕೊಂಡೇ ಕಡಿದಾದ ಮರದ ಮೆಟ್ಟಿಲುಗಳನ್ನು ಇಳಿದು ಗಣಿಯ ಬಾಯಿಗೆ ಬರಬೇಕಿತ್ತು.

ಯುರೇನಿಯಂ ತೆಗೆಯುವುದು ನಿಂತು ದಶಕಗಳಾದವು. ಸ್ವೊರ್ನೊಸ್ತ್ ಗಣಿ ಮಾತ್ರ ಮುಚ್ಚಿಲ್ಲ. ಅದರ ಆಳದಿಂದ ಪಂಪು ಹಾಕಿ ಎತ್ತಿದ ಬೆಚ್ಚಗಿನ ನೀರು ಈಗಲೂ ಕೊಳವೆಗಳಲ್ಲಿ ಕೆಳಗಿನ ಚಿಕಿತ್ಸಾಗೃಹಗಳಿಗೆ ಇಳಿದುಬರುತ್ತದೆ. ಕೀಲುನೋವಿನವರು ಬೆಳಗ್ಗೆ ತಮ್ಮ ಸರದಿಗೆ ಟವೆಲ್ ಹೊದ್ದು ಬೆಂಚಿನ ಮೇಲೆ ಕಾಯುತ್ತಾರೆ. ಹೆಸರು ಕರೆದಾಗ ಒಬ್ಬೊಬ್ಬರಾಗಿ ಎದ್ದು ಒಳಗೆ ಹೋಗಿ ತೊಟ್ಟಿಗೆ ಇಳಿಯುತ್ತಾರೆ.